ಗಾಡಿ ತಗ್ಗಿಸುವ ಮೊದಲು ಅಡಿಗೆ ಬಗ್ಗಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಈಚೆಗೆ ನಿಮ್ಮ ಓದುಗರ ಅಂಕಣದಲ್ಲಿ ಕರಾವಳಿ ಕಡೆಯ ಒಬ್ಬರು, ಮಾಡಿಫೈ ಮಾಡಿದ ಗಾಡಿಗಳನ್ನೆಲ್ಲ ಹಿಡಿದು ಗುಜರಿಗೆ ಹಾಕಬೇಕು ಅಂತ ಬರೆದಿದ್ದರು. ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಅವರು ಹೇಳಿದ್ದೆಲ್ಲ ಸೈಲೆನ್ಸರ್ ಸದ್ದು, ಕಣ್ಣು ಕುಕ್ಕುವ ಲೈಟು, ಗಾಜಿಗೆ ಹಚ್ಚಿದ ಕಪ್ಪು ಫಿಲ್ಮು. ಇವೆಲ್ಲ ದಾರಿಯಲ್ಲಿ ಹೋಗುವವರಿಗೂ ಕಾಣುತ್ತವೆ, ಪೊಲೀಸರಿಗೂ ಕಾಣುತ್ತವೆ. ದಂಡ ಬೀಳುತ್ತದೆ, ಒಂದಿಷ್ಟು ದಿನ ಸುಮ್ಮನಿರುತ್ತಾರೆ. ನಾನು ಬರೆಯಹೊರಟಿದ್ದು ಯಾರ ಕಣ್ಣಿಗೂ ಬೀಳದ, ಗಾಡಿಯ ಅಡಿಗೆ ನಡೆಯುವ ಕೆಲಸದ ಬಗ್ಗೆ. ಫೋರ್ ಬೈ ಫೋರ್ ಪಿಕಪ್, ಅಂದರೆ ಎಂಜಿನ್ ನಾಲ್ಕೂ ಚಕ್ರ ತಿರುಗಿಸುವ ಪಿಕಪ್ ತಗೊಂಡು ಅದರ ಎತ್ತರ ತಗ್ಗಿಸುವ ಚಾಳಿ ನಮ್ಮ ಕಡೆ ಶುರುವಾಗಿದೆ. ಹುಡುಗರ ಬಾಯಲ್ಲಿ ಅದು ‘ಲೋ ಮಾಡಿಸೋದು’.

ನಾನು ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ನೌಕರಿಯ ಬಹುಭಾಗ ಬಸ್ಸಿನ ಪಾಟಾ (ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗು) ಬಿಚ್ಚುವುದು, ಮುರಿದ ಪ್ಲೇಟು ಬದಲಿಸುವುದು, ಕೂತುಹೋದ ಪಾಟಾಕ್ಕೆ ಮತ್ತೆ ಕಮಾನು ಎತ್ತುವುದು, ಇದರಲ್ಲೇ ಕಳೆಯಿತು. ಈಗ ಶಿರಸಿಯಲ್ಲಿ ಮನೆ ಪಕ್ಕದ ಶೆಡ್ಡಿನಲ್ಲಿ ಅಲ್ಪಸ್ವಲ್ಪ ಕೆಲಸ. ದುಡ್ಡಿಗಿಂತ ಜಾಸ್ತಿ ಹರಟೆಗೆ. ಹಾಗಾಗಿ ಇಂಥ ಗಾಡಿಗಳು ಕೆಟ್ಟ ಮೇಲೆ ನನ್ನಲ್ಲಿಗೆ ಬರುತ್ತವೆ. ತಗ್ಗಿಸುವ ಮೊದಲು ಯಾರೂ ಬರುವುದಿಲ್ಲ, ಅದೇ ಬೇಜಾರು.

ಮೊದಲು ನಮ್ಮಲ್ಲಿ ಫೋರ್ ಬೈ ಫೋರ್ ಪಿಕಪ್ ಅಪರೂಪ. ಬೊಲೆರೊ ಕ್ಯಾಂಪರ್ ಇತ್ತು, ಅಲ್ಲೊಂದು ಇಲ್ಲೊಂದು ಟಾಟಾ ಜೆನಾನ್. 2016ರಲ್ಲಿ ಇಸುಜು ವಿ-ಕ್ರಾಸ್ ಬಂತು, 2022ರಲ್ಲಿ ಟೊಯೊಟಾ ಹೈಲಕ್ಸ್. ಅಡಿಕೆಗೆ ರೇಟು ಬಂದ ವರ್ಷಗಳಲ್ಲಿ ತೋಟ ಇದ್ದವರು ಹೊಸದೋ ಹಳೆಯದೋ ಒಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಬರೀ ಜಂಬಕ್ಕೆ ಅಂತ ನಾನು ಹೇಳುವುದಿಲ್ಲ. ನಮ್ಮ ತೋಟದ ದಾರಿ ನೋಡಿದವರಿಗೆ ಗೊತ್ತು. ಎರಡೂ ಕಡೆ ಟ್ರ್ಯಾಕ್ಟರ್ ಚಕ್ರ ಕೊರೆದ ಹೊಂಡ, ನಡುವೆ ಹುಲ್ಲು ಬೆಳೆದ ದಿಣ್ಣೆ. ಮಳೆಗಾಲದಲ್ಲಿ ಹಳ್ಳ ದಾಟಬೇಕು. ಕೊಳೆ ಔಷಧ ಹೊಡೆಯುವ ಹೊತ್ತಿಗೆ ಡ್ರಮ್ಮು, ಪಂಪು, ಮೈಲುತುತ್ತ, ಸುಣ್ಣ, ಆಳು, ಎಲ್ಲ ಹೊತ್ತು ತೋಟಕ್ಕೆ ಇಳಿಯಬೇಕು. ಊರ ರಸ್ತೆಯ ಕಥೆ ಹೀಗಾದರೆ ದೊಡ್ಡ ರಸ್ತೆಯದೂ ನಂಬಿಕೆ ಇಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮಣ್ಣಿನಡಿ ಹೋದದ್ದನ್ನು ನೋಡಿದ್ದೇವೆ. ಮಳೆಗಾಲದಲ್ಲಿ ಎಲ್ಲಿ ಎಂಥ ದಾರಿ ಹಿಡಿಯಬೇಕಾಗುತ್ತದೋ ಹೇಳಲಾಗದ ಜಿಲ್ಲೆ ಇದು. ಎತ್ತರದ ಗಾಡಿ ಬೇಕು ಅನ್ನುವುದು ಸರಿಯೇ.

ಹಾಗಿದ್ದರೆ ಎತ್ತರದ ಗಾಡಿ ತಂದು ತಗ್ಗಿಸುವುದು ಯಾಕೆ?

ತಗ್ಗಿಸುವವರಲ್ಲಿ ಎರಡು ತರಹ. ಒಂದು, ಅಂದಕ್ಕೆ. ಮೊಬೈಲಿನಲ್ಲಿ ಅಮೆರಿಕದ ಗಾಡಿ ನೋಡುತ್ತಾರೆ. ನೆಲಕ್ಕೆ ಅಂಟಿದ ಹಾಗೆ ನಿಂತ ದೊಡ್ಡ ಪಿಕಪ್ಪು, ಅಗಲ ಟೈರು, ಮಿರಮಿರ ಬಣ್ಣ. ನಮ್ಮದೂ ಹಾಗೇ ಆಗಬೇಕು. ಆದರೆ ಅಲ್ಲಿಯವರು ಯಾವ ಗಾಡಿಯನ್ನು, ಯಾತಕ್ಕೆ, ಹೇಗೆ ತಗ್ಗಿಸುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಅಲ್ಲಿ ಫೋರ್ಡ್ ಎಫ್-250, ಷೆವರ್ಲೆ ಸಿಲ್ವರಾಡೊ 2500 ಅಂಥ ಭಾರೀ ಗಾಡಿಗಳು ಕಂಪನಿಯಿಂದ ಬರುವಾಗಲೇ ಬಹಳ ಎತ್ತರ. ಹಿಂದೆ ದೊಡ್ಡ ಟ್ರೈಲರ್ ಕಟ್ಟಿದರೆ ಟ್ರೈಲರ್ ಮೂಗು ಮೇಲಾಗಿ ನಿಲ್ಲುತ್ತದೆ. ಅದು ಸಮನಾಗಿ ನಿಲ್ಲಲಿ ಅಂತ ಕೆಲವರು ಗಾಡಿಯನ್ನು ಸ್ವಲ್ಪ ತಗ್ಗಿಸುತ್ತಾರೆ. ಆ ಫೋರ್ಡಿಗೆ ಮುಂದೆ ಬಸ್ಸಿನ ತರಹ ಇಡೀ ಆಕ್ಸಲ್, ಅಂದರೆ ಎರಡೂ ಚಕ್ರ ಜೋಡಿಸುವ ಒಂದೇ ಅಡ್ಡ ದಿಂಡು, ಅದರ ಮೇಲೆ ಕಾಯಿಲ್ (ಸುರುಳಿ) ಸ್ಪ್ರಿಂಗು. ಷೆವರ್ಲೆಗೆ ಮುಂದೆ ಟಾರ್ಶನ್ ಬಾರ್, ಅಂದರೆ ತಿರುಚಿಕೊಂಡು ಭಾರ ಹೊರುವ ಉದ್ದ ಸರಳು. ಅದರ ಬೋಲ್ಟ್ ಸಡಿಲಿಸಿದರೆ ಗಾಡಿ ಸ್ವಲ್ಪ ಇಳಿಯುತ್ತದೆ. ಒಂದೊಂದು ಗಾಡಿಗೆ ಒಂದೊಂದು ದಾರಿ. ಇನ್ನು ನಮ್ಮ ವಿ-ಕ್ರಾಸ್, ಹೈಲಕ್ಸ್ ಎರಡಕ್ಕೂ ಮುಂದೆ ಕಾಯಿಲ್, ಹಿಂದೆ ಪಾಟಾ. ಯಾವುದೋ ಗಾಡಿಯ ವಿಡಿಯೋ ನೋಡಿ ಇನ್ಯಾವುದೋ ಗಾಡಿಗೆ ಸ್ಪ್ಯಾನರ್ ಹಾಕುವುದು ಅಂದರೆ ಏನು ಹೇಳೋಣ.

ಎರಡನೇ ತರಹದವರ ಬಗ್ಗೆ ನನಗೆ ನಿಜವಾಗಿ ಮರುಕ ಇದೆ. ಅವರಿಗೆ ಅಂದ ಬೇಡ. ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ, ಮಂಡಿ ನೋವು, ಗಾಡಿ ಹತ್ತಲು ಆಗುವುದಿಲ್ಲ. ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಮಗ ಎತ್ತಿ ಕೂರಿಸಬೇಕು. ಇಲ್ಲವೇ ಹಿಂದಿನ ತೊಟ್ಟಿ ಎದೆಮಟ್ಟಕ್ಕೆ ಬರುತ್ತದೆ, ಅಡಿಕೆ ಚೀಲ ಏರಿಸುವ ಆಳುಗಳು ಗೊಣಗುತ್ತಾರೆ. ಕರಾವಳಿಗೆ ಹೋದರೆ ಇನ್ನೂ ಸ್ಪಷ್ಟ. ಬೈತಖೋಲ್ ಬಂದರಿನಲ್ಲಿ, ತದಡಿಯಲ್ಲಿ ಮಂಜುಗಡ್ಡೆ ತುಂಬಿದ ಮೀನಿನ ಕ್ರೇಟು ಎತ್ತುವವರ ಸೊಂಟ ಕೇಳಿ. ಅರ್ಧ ಅಡಿ ತಗ್ಗಿದರೂ ಅವರಿಗೆ ಅದು ದೊಡ್ಡದು. ಇಂಥವರು ಗ್ಯಾರೇಜಿಗೆ ಹೋಗಿ ‘ಸ್ವಲ್ಪ ಕೆಳಗೆ ಮಾಡಿಕೊಡಿ’ ಅಂತಾರೆ. ಅಲ್ಲಿ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಸಿ ಕಳಿಸುತ್ತಾರೆ. ಮೋಸ ಹೋಗುವವರು ಜಾಸ್ತಿ ಇವರೇ.

ಆ ಒಂದು ಮಧ್ಯಾಹ್ನದಲ್ಲಿ ಏನು ಮಾಡುತ್ತಾರೆ ಅಂತ ಹೇಳುತ್ತೇನೆ.

ಮುಂದಿನ ಕಾಯಿಲ್ ಸ್ಪ್ರಿಂಗನ್ನು ಬಿಚ್ಚಿ ಗ್ರೈಂಡರಿನಲ್ಲಿ ಒಂದು ಸುತ್ತೋ ಒಂದೂವರೆ ಸುತ್ತೋ ಕತ್ತರಿಸುತ್ತಾರೆ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿರುಸಾಗುತ್ತದೆ. ಗಾಡಿ ತಗ್ಗಿತು ಸರಿ, ಜತೆಗೆ ಕುಣಿಯಲಿಕ್ಕೂ ಶುರುಮಾಡಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಚಕ್ರ ಹೊಂಡಕ್ಕೆ ಇಳಿದು ಪೂರ್ತಿ ಕೆಳಗೆ ಜೋತುಬಿದ್ದಾಗ ಕತ್ತರಿಸಿದ ಸ್ಪ್ರಿಂಗ್ ತನ್ನ ಜಾಗದಲ್ಲಿ ಸಡಿಲಾಗುತ್ತದೆ. ಮತ್ತೆ ಚಕ್ರ ಮೇಲೆ ಬರುವಾಗ ಸರಿಯಾಗಿ ಕೂತರೆ ಪುಣ್ಯ. ಇನ್ನು ಕೆಲವರು ಸ್ಪ್ರಿಂಗ್ ಬಿಚ್ಚುವ ಗೋಜಿಗೂ ಹೋಗುವುದಿಲ್ಲ. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸುತ್ತಾರೆ, ಗಾಡಿಯ ಭಾರಕ್ಕೆ ಅದು ತಾನೇ ಕೂರುತ್ತದೆ. ಸ್ಪ್ರಿಂಗಿನ ಉಕ್ಕಿಗೆ ಜೀವ ಇರುವುದೇ ಹದದಲ್ಲಿ. ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಅಳತೆಯ ಬಿಸಿಯಲ್ಲಿ ಹದಗೊಳಿಸಿದ ಉಕ್ಕು ಅದು. ಗ್ಯಾಸ್ ಬೆಂಕಿ ತಾಗಿದ ಜಾಗದಲ್ಲಿ ಹದ ಹೋಯಿತು. ಇವತ್ತು ಮುರಿಯಲಿಕ್ಕಿಲ್ಲ. ಎಲ್ಲಿ, ಯಾವಾಗ ಅನ್ನುವುದು ಆ ಉಕ್ಕಿನ ಇಷ್ಟ.

ಹಿಂದೆ ಬಂದರೆ ಪಾಟಾ. ಪಿಕಪ್ಪಿನ ಪಾಟಾದಲ್ಲಿ ಮೇಲಿಂದ ಕೆಳಗೆ ಉದ್ದ ಪ್ಲೇಟಿನ ಅಡಿಗೆ ಗಿಡ್ಡ ಪ್ಲೇಟುಗಳು, ಎಲ್ಲಕ್ಕೂ ಕೆಳಗೆ ಭಾರ ಬಿದ್ದಾಗ ಮಾತ್ರ ಕೆಲಸಕ್ಕೆ ಬರುವ ದಪ್ಪ ಪ್ಲೇಟು. ಅದರಿಂದ ಒಂದೋ ಎರಡೋ ಪ್ಲೇಟು ಕಿತ್ತು ಉಳಿದದ್ದನ್ನು ಪಾಟಾವನ್ನು ಆಕ್ಸಲಿಗೆ ಕಟ್ಟುವ ಅದೇ ಹಳೆಯ ಯು ಬೋಲ್ಟಿನಿಂದ ಬಿಗಿದುಬಿಡುತ್ತಾರೆ. ಖಾಲಿ ಗಾಡಿ ಚೆನ್ನಾಗಿ ಕೂರುತ್ತದೆ. ಹಿಂದೆ ನಾಲ್ಕು ಚೀಲ ಹಾಕಿ ನೋಡಿ, ಬಂಪ್ ಸ್ಟಾಪಿಗೆ, ಅಂದರೆ ಪೆಟ್ಟು ತಡೆಯುವ ರಬ್ಬರ್ ತುಂಡಿಗೆ ಆಕ್ಸಲ್ ತಾಗಿ ಧಡ್ ಅನ್ನುತ್ತದೆ. ಬ್ರೇಕ್ ಹಾಕಿದಾಗ ಆಕ್ಸಲ್ ತಿರುಚಿಕೊಳ್ಳಲು ನೋಡುತ್ತದೆ. ಅದನ್ನು ತಡೆಯಬೇಕಾದ ಪ್ಲೇಟೇ ಇಲ್ಲದಿದ್ದರೆ ಉಳಿದ ಮೇನ್ ಪ್ಲೇಟು ಬಾಗಿ ಬಾಗಿ ಸುಸ್ತಾಗುತ್ತದೆ. ಯು ಬೋಲ್ಟು ಒಮ್ಮೆ ಬಿಗಿದರೆ ಎಳೆದುಕೊಂಡಿರುತ್ತದೆ. ಬಿಚ್ಚಿದ ಮೇಲೆ ಹೊಸದೇ ಹಾಕಬೇಕು, ಹಾಕಿ ಸ್ವಲ್ಪ ಓಡಿಸಿ ಮತ್ತೆ ಬಿಗಿಯಬೇಕು. ಇದು ಸಡಿಲಾದರೆ ಪಾಟಾದ ನಡುವಿನ ಸೆಂಟರ್ ಬೋಲ್ಟಿನ ಮೇಲೆ ಪೂರ್ತಿ ಹೊರೆ. ಅದು ತುಂಡಾದರೆ ಆಕ್ಸಲ್ ಜರುಗಿ, ಗಾಡಿ ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ. ಮೀನಿನ ಗಾಡಿಗಳಲ್ಲಿ ಇದು ಇನ್ನೂ ಬೇಗ. ಐಸಿನ ಉಪ್ಪುನೀರು ದಿನಾ ಸುರಿದು ಬೋಲ್ಟಿನ ತ್ರೆಡ್ಡೆಲ್ಲ ತುಕ್ಕು ತಿಂದಿರುತ್ತದೆ.

ಬ್ಲಾಕ್ ಅಂತ ಇನ್ನೊಂದು ಇದೆ, ಪಾಟಾಕ್ಕೂ ಆಕ್ಸಲಿಗೂ ನಡುವೆ ಇಡುವ ಲೋಹದ ತುಂಡು. ಅದನ್ನು ಹಾಕಿದರೆ ಗಾಡಿ ತಗ್ಗುತ್ತದೆ ಅಂತ ತಂದವರೂ ಇದ್ದಾರೆ. ಪಾಟಾ ಆಕ್ಸಲಿನ ಅಡಿಗೆ ಇರುವ ಗಾಡಿಗೆ ಅದು ನಿಜ. ನಮ್ಮ ಫೋರ್ ಬೈ ಫೋರ್‌ಗಳಲ್ಲಿ ಪಾಟಾ ಆಕ್ಸಲಿನ ಮೇಲೆ ಕೂತಿರುತ್ತದೆ. ಅಲ್ಲಿ ಬ್ಲಾಕ್ ಹಾಕಿದರೆ ಗಾಡಿ ಇನ್ನೂ ಏರುತ್ತದೆ! ಅಂಥದ್ದನ್ನು ತಗ್ಗಿಸಬೇಕಾದರೆ ಕಂಪನಿ ಬ್ಲಾಕ್ ಇದ್ದರೆ ತೆಗೆಯಬೇಕು, ಕಮಾನು ಕಡಿಮೆ ಇರುವ ಪಾಟಾ ಹಾಕಬೇಕು, ಇಲ್ಲವೇ ಪಾಟಾವನ್ನೇ ಆಕ್ಸಲಿನ ಅಡಿಗೆ ತರಬೇಕು. ಕೊನೆಯದು ಮಾಡಿದರೆ ಆಕ್ಸಲ್ ಮೇಲೆ ಬಂದು ಚಾಸಿಗೆ, ಅಂದರೆ ಇಡೀ ಗಾಡಿ ಕೂತಿರುವ ಉಕ್ಕಿನ ಚೌಕಟ್ಟಿಗೆ ಬಡಿಯುತ್ತದೆ. ಅದಕ್ಕೆ ಚಾಸಿಯನ್ನೇ ಅಷ್ಟಗಲ ಕಚ್ಚು ಹಾಕಿ, ಮೇಲಿಂದ ಗಟ್ಟಿ ತಗಡು ವೆಲ್ಡ್ ಮಾಡುತ್ತಾರೆ. ಚಾಸಿಗೆ ಗ್ಯಾಸ್ ಕಟರ್ ಹಚ್ಚುವ ಧೈರ್ಯ ನನಗಂತೂ ಯಾವತ್ತೂ ಬಂದಿಲ್ಲ.

ಇಷ್ಟು ಹೇಳಿದ ಮೇಲೂ ಹುಡುಗರು ನಗುತ್ತಾರೆ. ‘ಪ್ಲೇಟು ಮುರಿದರೆ ಹೊಸದು ಹಾಕಿಸೋಣ ಮಾವ’ ಅಂತಾರೆ. ಸರಿ. ಆದರೆ ನನಗೆ ನಿದ್ದೆಗೆಡಿಸುವುದು ಪ್ಲೇಟು ಅಲ್ಲ, ಹಿಂದಿನ ಚಕ್ರದ ಹತ್ತಿರ ಇರುವ ಒಂದು ಸಣ್ಣ ಸರಳು.

ನಮ್ಮ ಕಡೆಯ ಒಬ್ಬ ಹುಡುಗ ಹಳೆಯ ಫೋರ್ ಬೈ ಫೋರ್ ಪಿಕಪ್ ತಗೊಂಡು ಬೇರೆ ಊರಿನ ಗ್ಯಾರೇಜಿನಲ್ಲಿ ಹಿಂದೆ ಮುಂದೆ ತಗ್ಗಿಸಿಕೊಂಡು ಬಂದಿದ್ದ. ಮುಂಗಾರಿಗೆ ಮುಂಚಿನ ಮೊದಲ ಮಳೆಯ ದಿನ ಕುಮಟಾದಿಂದ ಖಾಲಿ ಗಾಡಿ ತರುತ್ತಿದ್ದ. ದೇವಿಮನೆ ಘಟ್ಟದ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು. ಬ್ರೇಕ್ ಹಾಕಿದ. ಗಾಡಿಯ ಬಾಲ ಸರ್ರನೆ ಅಡ್ಡ ತಿರುಗಿ ಹಿಂದಿನ ಚಕ್ರ ಗಟಾರಕ್ಕೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಬಸ್ಸಿನ ಡ್ರೈವರ್ ಇಳಿದು ಬಂದು ನಾಲ್ಕು ಮಾತು ಬೈದನಂತೆ, ಅದು ಬೇಕಾದದ್ದೇ.

ಗಾಡಿ ನನ್ನ ಶೆಡ್ಡಿಗೆ ಬಂತು. ‘ಬ್ರೇಕ್ ಗಟ್ಟಿ ಇದೆ ಮಾವ, ಹೊಸ ಲೈನರ್ ಹಾಕಿಸಿದ್ದೆ. ಟೈರೂ ಚೆನ್ನಾಗಿದೆ’ ಅಂದ. ನಾನು ಗೋಣಿ ಹಾಸಿಕೊಂಡು ಅಡಿಗೆ ಹೋಗಿ ಟಾರ್ಚ್ ಬಿಟ್ಟೆ. ಚಾಸಿಯ ಮೇಲೆ ಮುಷ್ಟಿಗಾತ್ರದ ಒಂದು ಎರಕದ ವಾಲ್ವು. ಅದರಿಂದ ಹೊರಟ ಸರಳು ಹಿಂದಿನ ಆಕ್ಸಲಿಗೆ ಹೋಗಿ ಸೇರುತ್ತದೆ. ಎಲ್ಲೂ ಮುರಿದಿರಲಿಲ್ಲ, ಸೋರಿರಲಿಲ್ಲ. ಮೇಲೆ ಕೆಸರಿನ ಹಳೆಯ ಪದರ ಹಾಗೇ ಇತ್ತು. ಬೋಲ್ಟಿನ ಮೇಲೆ ಸ್ಪ್ಯಾನರಿನ ಒಂದು ಗೀರೂ ಇಲ್ಲ. ಅಂದರೆ ಗಾಡಿ ತಗ್ಗಿಸಿದವರು ಇದನ್ನು ಮುಟ್ಟೇ ಇಲ್ಲ. ಎಡವಟ್ಟು ಆದದ್ದೇ ಅಲ್ಲಿ.

ಆ ವಾಲ್ವಿನ ಕೆಲಸ ಇಷ್ಟೇ. ಹಿಂದೆ ಹೇರು ಬಿದ್ದಾಗ ಪಾಟಾ ಕೂತು ಚಾಸಿ ಆಕ್ಸಲಿಗೆ ಹತ್ತಿರವಾಗುತ್ತದೆ. ಸರಳು ಜರುಗುತ್ತದೆ. ‘ಓ, ಹಿಂದೆ ಭಾರ ಇದೆ’ ಅಂತ ವಾಲ್ವು ತಿಳಿದುಕೊಂಡು ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ಗಾಡಿ ಖಾಲಿ ಇದ್ದರೆ ಚಾಸಿ ಮೇಲಿರುತ್ತದೆ, ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ. ಯಾಕೆಂದರೆ ಖಾಲಿ ಪಿಕಪ್ಪಿನ ಹಿಂಭಾಗಕ್ಕೆ ತೂಕವೇ ಇಲ್ಲ, ಜೋರಾಗಿ ಬ್ರೇಕ್ ಹಿಡಿದರೆ ಚಕ್ರ ಲಾಕ್ ಆಗಿ ಜಾರುತ್ತದೆ. ಈಗ ನೀವು ಪ್ಲೇಟು ಕಿತ್ತು ಚಾಸಿಯನ್ನು ಕೆಳಗೆ ತಂದಿರಿ. ವಾಲ್ವಿಗೆ ಅದು ಹೇಗೆ ಗೊತ್ತಾಗಬೇಕು? ಅದರ ಲೆಕ್ಕದಲ್ಲಿ ಗಾಡಿಯಲ್ಲಿ ಯಾವಾಗಲೂ ಹೇರು ತುಂಬಿದೆ. ಖಾಲಿ ಗಾಡಿಯ ಹಿಂದಿನ ಚಕ್ರಕ್ಕೆ ತುಂಬಿದ ಗಾಡಿಯ ಬ್ರೇಕು. ಒಣ ರಸ್ತೆಯಲ್ಲಿ ಸಣ್ಣಗೆ ಬ್ರೇಕ್ ಹಿಡಿಯುವಾಗ ಏನೂ ಗೊತ್ತಾಗುವುದಿಲ್ಲ, ಬ್ರೇಕ್ ಚುರುಕಾಗಿದೆ ಅಂತ ಖುಷಿಯೂ ಆಗುತ್ತದೆ. ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ, ಧೂಳು, ಎಲೆ ಎಲ್ಲ ನೆನೆದು ಲೋಳೆಯಾದ ದಿನ ಗೊತ್ತಾಗುತ್ತದೆ.

ಅವನಿಗೆ ಅದನ್ನೇ ಹೇಳಿದೆ. ‘ತಮ್ಮಾ, ನಿನ್ನ ಬ್ರೇಕ್ ಗಟ್ಟಿ ಇದ್ದದ್ದೇ ತೊಂದರೆ ಆದದ್ದು.’ ಅವನು ನಂಬಲಿಲ್ಲ. ಹಿಂದೆ ನಾಲ್ಕು ಜನರನ್ನು ಕೂರಿಸಿ ಸರಳು ಎಷ್ಟು ಜರುಗುತ್ತದೆ ಅಂತ ತೋರಿಸಿದೆ. ಆಮೇಲೆ ಪಾಟಾವನ್ನು ಕಂಪನಿ ಬಿಟ್ಟ ಹಾಗೇ ಮಾಡಿಸಿಕೊಂಡ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಇರುವ ಹೊಸ ಗಾಡಿಗಳಲ್ಲಿ ಹೆಚ್ಚಿನವುಗಳಿಗೆ ಈ ಕೆಲಸವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಕೈಬದಲಾಗಿ ಓಡುವ ಹಳೆಯ ಪಿಕಪ್ಪುಗಳಲ್ಲಿ ಅನೇಕಕ್ಕೆ ಆ ವಾಲ್ವೇ ಗತಿ.

ಹೆಡ್‌ಲೈಟಿನದೂ ಇದೇ ಕಥೆ. ಹಿಂದೆ ಮಾತ್ರ ತಗ್ಗಿಸಿದರೆ ಮುಂದೆ ಮೂಗು ಏರುತ್ತದೆ, ಡಿಮ್ ಮಾಡಿದರೂ ಬೆಳಕು ಎದುರಿನವರ ಕಣ್ಣಿಗೇ. ಅರಬೈಲ್ ಘಟ್ಟದಲ್ಲಿ ರಾತ್ರಿ ಲಾರಿ ಹತ್ತಿಸುವವರನ್ನು ಕೇಳಿ. ಲೈಟಿನ ಹಿಂದೆ ಸರಿಮಾಡುವ ಸ್ಕ್ರೂ ಇರುತ್ತದೆ. ಗಾಡಿ ತಗ್ಗಿಸಿದವರಲ್ಲಿ ಅದನ್ನು ತಿರುಗಿಸಿದವರನ್ನು ನಾನು ಇನ್ನೂ ಕಂಡಿಲ್ಲ.

ಮುಂದಿನ ಚಕ್ರದ ಮಾತು ಸಣ್ಣದಾಗಿ ಹೇಳಿ ಮುಗಿಸುತ್ತೇನೆ. ಮೇಲೊಂದು ಕೆಳಗೊಂದು ಆರ್ಮು (ತೋಳು) ಚಕ್ರವನ್ನು ಹಿಡಿದಿರುವ ಮುಂಭಾಗದಲ್ಲಿ ಗಾಡಿ ತಗ್ಗಿದರೆ ಚಕ್ರ ಮೇಲ್ಗಡೆ ಒಳಕ್ಕೆ ವಾಲುತ್ತದೆ. ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರು ಒಳಬದಿಯಲ್ಲಿ ಬೋಳಾಗುತ್ತದೆ. ಹೊರಗಿಂದ ನೋಡಿದರೆ ಹೊಸದೇ, ಒಳಬದಿಗೆ ಕೈ ಹಾಕಿದರೆ ದಾರ ಸಿಗುತ್ತದೆ. ಫೋರ್ ಬೈ ಫೋರ್‌ನಲ್ಲಿ ಮುಂದಿನ ಚಕ್ರಕ್ಕೂ ಶಾಫ್ಟ್ ಹೋಗುತ್ತದಲ್ಲ, ಅದರ ಜಾಯಿಂಟಿನ ಕೋನವೂ ಬದಲಾಗಿ ರಬ್ಬರ್ ಬೂಟು ಬೇಗ ಹರಿಯುತ್ತದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ತಪ್ಪಿದರೆ ಒಂದು ವೇಗಕ್ಕೆ ಬಂದಾಗ ಇಡೀ ಗಾಡಿ ಗುಂಯ್ ಅನ್ನುತ್ತದೆ, ಶಾಫ್ಟಿನ ಜಾಯಿಂಟಿನಲ್ಲಿರುವ ಕ್ರಾಸ್ ಹಾಳಾಗುತ್ತದೆ. ಸ್ಪ್ರಿಂಗ್ ಮುಟ್ಟದೆ ಸ್ಟೀರಿಂಗ್ ನಕಲ್, ಅಂದರೆ ಚಕ್ರ ಕೂರುವ ಲೋಹದ ತುಂಡನ್ನೇ ಬದಲಿಸಿ ತಗ್ಗಿಸುವ ಒಳ್ಳೆಯ ದಾರಿಯೂ ಇದೆ. ಆದರೆ ಆ ಭಾಗಗಳು ಹೆಚ್ಚಾಗಿ ಟೂ ವೀಲ್ ಡ್ರೈವ್ ಗಾಡಿಗೆ. ಶಾಫ್ಟ್ ಹಾದುಹೋಗುವ ಚಕ್ರಕ್ಕೆ ಅದು ಸುಲಭವಲ್ಲ.

ಇದೆಲ್ಲ ಓದಿ, ತಗ್ಗಿಸಿದರೆ ಲಾಭವೇ ಇಲ್ಲವೇ ಅಂತ ಯಾರಾದರೂ ಕೇಳಬಹುದು. ಇದೆ. ಸರಿಯಾಗಿ ಮಾಡಿದರೆ ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ, ಹತ್ತಿಳಿಯುವುದು ಸುಲಭ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಹಿಂದಿನ ಆಕ್ಸಲಿನ ನಡುವೆ ಗುಂಡಗೆ ಉಬ್ಬಿದ ಹೌಸಿಂಗ್ ಇದೆಯಲ್ಲ, ಸ್ಪ್ರಿಂಗ್ ತಗ್ಗಿಸಿದರೆ ಅದು ಒಂದು ಕೂದಲಷ್ಟೂ ಕೆಳಗೆ ಬರುವುದಿಲ್ಲ. ಅದರ ಎತ್ತರ ನಿರ್ಧಾರವಾಗುವುದು ಟೈರಿನಿಂದ. ‘ಕಲ್ಲು ತಾಗೋದು ಹೌಸಿಂಗಿಗೆ, ಅದು ಹಾಗೇ ಇದೆ, ಏನೂ ಆಗಲ್ಲ’ ಅಂತ ಗ್ಯಾರೇಜಿನವರು ಇದನ್ನೇ ಹೇಳಿ ಒಪ್ಪಿಸುತ್ತಾರೆ. ಅರ್ಧ ಸತ್ಯ. ಕೆಳಗೆ ಬರುವುದು ಡೀಸೆಲ್ ಟ್ಯಾಂಕು, ಹಿಂದೆ ಮುಂದೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸು, ಸೈಲೆನ್ಸರು, ಮುಂದಿನ ಡಿಫರೆನ್ಷಿಯಲ್ಲು. ಇವೆಲ್ಲ ಚಾಸಿಗೆ ಕಟ್ಟಿದವು. ವಿ-ಕ್ರಾಸ್ ಕಂಪನಿಯಿಂದ 225 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಅಂತ ಬಂದ ಗಾಡಿ. ತೋಟದ ದಾರಿಯ ನಡುದಿಣ್ಣೆಗೆ ತಾಗುವುದು ಹೊಟ್ಟೆ. ಅದನ್ನೇ ತಗ್ಗಿಸಿದ ಮೇಲೆ ನಾಲ್ಕೂ ಚಕ್ರ ತಿರುಗಿದರೆಷ್ಟು, ಬಿಟ್ಟರೆಷ್ಟು. ಗಾಡಿ ದಿಣ್ಣೆಯ ಮೇಲೆ ಹೊಟ್ಟೆ ಹಾಕಿ ಮಲಗಿರುತ್ತದೆ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಮಾಲೀಕ ಗಾಡಿ ಬದಲಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಮು ಬಂತು. ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲೂ ಇದು ಸಾಕು. ಅಂಗವಿಕಲರಿಗೆ ಹೊಂದುವಂತೆ ಗಾಡಿ ಮಾರ್ಪಡಿಸಿಕೊಳ್ಳಲು ಮಾತ್ರ ಆರ್‌ಟಿಒ ಒಪ್ಪಿಗೆಯ ಮೇಲೆ ಕಾನೂನೇ ದಾರಿ ಬಿಟ್ಟಿದೆ. ಇದು ಎಷ್ಟು ಜನರಿಗೆ ಗೊತ್ತು? ಗ್ಯಾರೇಜಿನವರು ಹೇಳುವುದಿಲ್ಲ, ಗಾಡಿ ಮಾರುವವರೂ ಹೇಳುವುದಿಲ್ಲ.

ನಿಜವಾದ ತಾಪತ್ರಯ ಇರುವವರಿಗೆ ನನ್ನ ಸಲಹೆ ಬೇರೆ. ಅಮ್ಮನಿಗೆ ಹತ್ತಲು ಆಗದಿದ್ದರೆ ಕಂಪನಿಯದೇ ಫುಟ್‌ಸ್ಟೆಪ್ ಹಾಕಿಸಿ, ಕೈಗೆ ಗಟ್ಟಿ ಹಿಡಿಕೆ ಇದೆಯೇ ನೋಡಿ. ಅಗಲದ ಒಂದು ಮರದ ಮಣೆ ಗಾಡಿಯಲ್ಲೇ ಇಟ್ಟುಕೊಳ್ಳಿ. ಚೀಲ ಏರಿಸುವುದಕ್ಕೆ ಅಂಗಳದ ಮೂಲೆಯಲ್ಲಿ ಚಿರೆಕಲ್ಲಿನ ಒಂದು ಕಟ್ಟೆ ಕಟ್ಟಿಸಿ, ತೊಟ್ಟಿಯ ಮಟ್ಟಕ್ಕೆ. ಗಾಡಿ ಹಿಂದಕ್ಕೆ ತಂದು ನಿಲ್ಲಿಸಿದರೆ ಚೀಲ ಎತ್ತುವುದೇ ಬೇಡ, ಎಳೆದರೆ ಸಾಕು. ಮಲೆನಾಡಿನಲ್ಲಿ ದರೆ (ಗುಡ್ಡ ಕಡಿದ ಮಣ್ಣಿನ ಅಂಚು) ಇಲ್ಲದ ಮನೆ ಯಾವುದು? ಅನೇಕರಿಗೆ ಕಟ್ಟೆಯೂ ಬೇಡ, ದರೆಯನ್ನೇ ಒಂದು ಕಡೆ ನೇರ ಕಡಿದು ಕಲ್ಲು ಕಟ್ಟಿದರೆ ಆಯಿತು. ಇದರ ಖರ್ಚು ಒಂದು ಜತೆ ಹೊಸ ಟೈರಿನ ಮುಂದೆ ಏನೂ ಅಲ್ಲ. ಬಂದರಿನಲ್ಲೂ ಗಾಡಿ ನಿಲ್ಲುವ ಜಾಗದಲ್ಲಿ ಇಂಥದ್ದೇ ಒಂದು ಎತ್ತರದ ಕಟ್ಟೆ ಕಟ್ಟಿಸಿದರೆ ಎಷ್ಟೋ ಜನರ ಸೊಂಟ ಉಳಿಯುತ್ತದೆ. ಮೀನುಗಾರರ ಸಂಘದವರು ಇದನ್ನು ಕೇಳಿ ಪಡೆಯಬೇಕು.

ಸಾರಿಗೆ ಅಧಿಕಾರಿಗಳಿಗೂ ಒಂದು ವಿನಂತಿ. ಶಿರಸಿ, ಕಾರವಾರ, ಹೊನ್ನಾವರ, ದಾಂಡೇಲಿ, ಎಲ್ಲ ಆರ್‌ಟಿಒ ಕಚೇರಿಗಳಲ್ಲೂ ಎಫ್‌ಸಿಗೆ (ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರಕ್ಕೆ) ಪಿಕಪ್ ಬಂದಾಗ ದಯವಿಟ್ಟು ಒಮ್ಮೆ ಅಡಿಗೆ ಬಗ್ಗಿ ನೋಡಿ. ಬಾಡಿಗೆ ಗಾಡಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನಿಮ್ಮ ಮುಂದೆ ಬಂದೇ ಬರುತ್ತದೆ. ಬಣ್ಣ, ರಿಫ್ಲೆಕ್ಟರ್ ಸ್ಟಿಕ್ಕರ್, ಇಂಡಿಕೇಟರ್ ನೋಡುವ ಹೊತ್ತಿನಲ್ಲೇ ಒಂದು ಟೇಪ್ ಹಿಡಿದು ಚಕ್ರದ ನಡುವಿನಿಂದ ಮೇಲಿನ ಅಂಚಿಗೆ ಅಳತೆ ತೆಗೆಯಬಹುದು. ಸ್ವಂತ ಬಳಕೆಯ ಬಿಳಿ ಬೋರ್ಡ್ ಗಾಡಿಗಳು ಹದಿನೈದು ವರ್ಷ ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಅವಕ್ಕೆ ಬೇರೆ ಉಪಾಯ ಬೇಕು. ಯಾವುದಕ್ಕೆ ಒಪ್ಪಿಗೆ ಇದೆ, ಯಾವುದಕ್ಕೆ ಇಲ್ಲ ಅಂತ ಕಚೇರಿ ಬಾಗಿಲಲ್ಲಿ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿದರೂ ಶುರುವಿಗೆ ಸಾಕು. ನಮ್ಮ ಐಟಿಐಗಳಲ್ಲಿ ಕಲಿಸುವ ಮೇಷ್ಟ್ರುಗಳು ಆ ಬ್ರೇಕ್ ವಾಲ್ವಿನ ಸರಳನ್ನು ಒಮ್ಮೆ ಹುಡುಗರ ಕೈಯಲ್ಲೇ ಜರುಗಿಸಿ ತೋರಿಸಲಿ. ನಾಳೆ ಗ್ಯಾರೇಜ್ ಇಡುವವರು ಅವರೇ ಅಲ್ವಾ?

ಕೊನೆಗೆ, ಹಳೆಯ ಫೋರ್ ಬೈ ಫೋರ್ ಪಿಕಪ್ ಕೊಳ್ಳಲು ಹೊರಟವರಿಗೆ. ತಗ್ಗಿಸಿ ಓಡಿಸಿ, ಕೆಟ್ಟ ಮೇಲೆ ಮತ್ತೆ ಎತ್ತರ ಮಾಡಿ ಮಾರುವವರು ಇದ್ದಾರೆ. ಯು ಬೋಲ್ಟಿನ ನಟ್ಟಿನ ಕೆಳಗೆ ತ್ರೆಡ್ ವಿಪರೀತ ಉದ್ದ ಚಾಚಿಕೊಂಡಿದ್ದರೆ ಪ್ಲೇಟು ಕಿತ್ತಿದ್ದಾರೆ. ಪ್ಲೇಟುಗಳನ್ನು ಹಿಡಿದಿಡುವ ಕ್ಲಿಪ್ಪಿನೊಳಗೆ ಬೆರಳು ತೂರುವಷ್ಟು ಸಂದಿ ಇದ್ದರೂ ಅದೇ ಅರ್ಥ. ಬಂಪ್ ಸ್ಟಾಪಿನ ರಬ್ಬರ್ ಚಾಕುವಿನಲ್ಲಿ ಕೊಯ್ದ ಹಾಗಿದೆಯೇ ನೋಡಿ. ಕಾಯಿಲ್ ಸ್ಪ್ರಿಂಗಿನ ಬಣ್ಣ ಒಂದು ಕಡೆ ಸುಟ್ಟು ಉಕ್ಕು ನೀಲಿಗಟ್ಟಿದ್ದರೆ ಬೆಂಕಿ ತಾಗಿದೆ, ಆ ಗಾಡಿಯ ಆಸೆ ಬಿಡಿ. ಮುಂದಿನ ಟೈರಿನ ಒಳಬದಿ ಕೈಯಾಡಿಸಿ. ಟೈರು ಹೊಚ್ಚಹೊಸದು ಹಾಕಿ ಮಾರಲು ನಿಲ್ಲಿಸಿದ್ದರೆ, ಹಳೆಯ ಟೈರು ಎಲ್ಲಿ, ಒಮ್ಮೆ ತೋರಿಸಿ ಅಂತ ಕೇಳಿ.

— ನಿವೃತ್ತ ಡಿಪೋ ಮೆಕ್ಯಾನಿಕ್, ಶಿರಸಿ